ಬಾಲ್ಟಿಕ್ ಸಮುದ್ರದ ಹವಾಗುಣ ಅಧ್ಯಯನಕ್ಕೆ ಇಷ್ಟೊಂದು ದೇಶಗಳ ವಿಜ್ಞಾನಿಗಳ ಸಮಿತಿ ಯಾಕೆ?

ಒಂದು ಪುಟ್ಟ ಸಮುದ್ರಕ್ಕೆ ಅಂತರರಾಷ್ಟ್ರೀಯ ಸಮಿತಿ ಬೇಕಾ, ಅವರು ಮಾಡುವುದೇನು ಎಂದು ಕೇಳಿದ್ದೀರಿ. ಬೇಕು. ಕಾರಣ ಆ ಸಮುದ್ರದ ಸ್ವಭಾವದಲ್ಲೇ ಇದೆ.

ಉತ್ತರ ಯುರೋಪಿನ ಈ ಬಾಲ್ಟಿಕ್ ದಡದಲ್ಲಿ 9 ದೇಶಗಳಿವೆ. ಅದಕ್ಕೆ ನೀರು ಹರಿದು ಬರುವ ನೆಲ ಸಮುದ್ರಕ್ಕಿಂತ ಸುಮಾರು 4 ಪಟ್ಟು ದೊಡ್ಡದು. ನದಿಗಳು ಸಿಹಿನೀರು ತಂದು ಸುರಿಯುತ್ತವೆ. ಉಪ್ಪುನೀರು ಒಳಗೆ ಬರಲು ಡೆನ್ಮಾರ್ಕ್ ಬಳಿಯ ಕಿರಿದಾದ ಜಲಸಂಧಿಗಳೇ ದಾರಿ. ಹಾಗಾಗಿ ಸಾಗರದ ಒಂದು ಕೆಜಿ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದ್ದರೆ, ಬಾಲ್ಟಿಕ್ ನಡುಭಾಗದ ಮೇಲ್ಪದರದಲ್ಲಿ 7 ಗ್ರಾಂ ಆಸುಪಾಸು ಅಷ್ಟೆ. ಗಾಳಿ ಹದವಾಗಿ ಕೂಡಿಬಂದಾಗ ಮಾತ್ರ ಉಪ್ಪುನೀರು ದೊಡ್ಡದಾಗಿ ಒಳನುಗ್ಗುತ್ತದೆ. 2014ರ ಡಿಸೆಂಬರ್‌ನಲ್ಲಿ ಹಾಗಾಯಿತು. ತಳದ ನೀರಿಗೆ ಹೊಸ ಆಮ್ಲಜನಕ ತಲುಪುವುದೂ ಹೆಚ್ಚಾಗಿ ಆಗಲೇ. ಗಾಳಿ, ಮಳೆ, ನದಿ, ಕಡಲು ಎಲ್ಲವನ್ನೂ ಒಂದೇ ದೇಶ ಕೂತು ಅಳೆಯಲು ಆಗುವುದಿಲ್ಲ, ಅಲ್ವಾ?

ಅದಕ್ಕೇ 1993ರಲ್ಲಿ ಬಾಲ್ಟೆಕ್ಸ್ ಎಂಬ, ಹಲವು ದೇಶಗಳ ವಿಜ್ಞಾನಿಗಳು ಸೇರಿ ನಡೆಸುವ ಸಂಶೋಧನಾ ಕಾರ್ಯಕ್ರಮ ಶುರುವಾಯಿತು. 2013ರಲ್ಲಿ ಬಾಲ್ಟಿಕ್ ಅರ್ಥ್ (Baltic Earth) ಎಂಬ ಕಾರ್ಯಕ್ರಮ ಅದರ ಜಾಗಕ್ಕೆ ಬಂತು. ಯಾವ ಪ್ರಶ್ನೆಗಳು ಮುಖ್ಯ ಎಂದು ಇದರ ಮಾರ್ಗದರ್ಶಕ ಸಮಿತಿ ಚರ್ಚಿಸಿ ಗೊತ್ತುಮಾಡುತ್ತದೆ. ಉಪ್ಪಿನ ಏರಿಳಿತ, ಸಮುದ್ರ ಮಟ್ಟ, ವಿಪರೀತ ಹವಾಮಾನ, ಹೀಗೆ. ಸಮ್ಮೇಳನ, ಬೇಸಿಗೆ ಶಾಲೆಗಳೂ ಇವೆ.

ನನಗೆ ತುಂಬ ಬೆಲೆಯುಳ್ಳದ್ದು ಅನಿಸುವುದು ಬಾಲ್ಟಿಕ್ ಪ್ರದೇಶದ ಹವಾಗುಣ ಬದಲಾವಣೆ ಕುರಿತು 2008 ಮತ್ತು 2015ರಲ್ಲಿ ಬಂದ ಸಮೀಕ್ಷಾ ಗ್ರಂಥಗಳು. ವಿಜ್ಞಾನಿಗಳಿಗೆ ಎಲ್ಲಿ ಒಮ್ಮತವಿದೆ, ಎಲ್ಲಿ ಇಲ್ಲ ಎಂದು ಅವು ಬಿಚ್ಚಿ ಹೇಳುತ್ತವೆ. ಬಾಲ್ಟಿಕ್ ಪರಿಸರ ಕಾಪಾಡುವ ಹೆಲ್ಕಾಮ್ ಆಯೋಗಕ್ಕೂ ಈ ಕೆಲಸ ನೆರವಾಗಿದೆ.