ಮಲೇರಿಯಾ ಎಂಬ ಪದದ ಅರ್ಥವೇನು, ಎಲ್ಲಿಂದ ಬಂತು?

ಮಲೇರಿಯಾ ಎಂದರೆ ‘ಕೆಟ್ಟ ಗಾಳಿ’. ಇಟಾಲಿಯನ್ ಭಾಷೆಯಲ್ಲಿ ‘ಮಾಲಾ’ ಎಂದರೆ ಕೆಟ್ಟ, ‘ಆರಿಯಾ’ ಎಂದರೆ ಗಾಳಿ. ನಮ್ಮ ‘ಮಲೆ’ಗೂ ಇದಕ್ಕೂ ಸಂಬಂಧವಿಲ್ಲ.

ರೋಮ್ ಸುತ್ತಲಿನ ಜೌಗು ನೆಲದಲ್ಲಿ ಬೇಸಿಗೆಯ ರಾತ್ರಿ ಕಳೆದವರಿಗೆ ಒಂದೆರಡು ವಾರಗಳಲ್ಲಿ ಹಲ್ಲು ಕಟಕಟ ಎನ್ನುವಂಥ ಚಳಿ, ಆಮೇಲೆ ಸುಡುವ ಜ್ವರ, ಕೊನೆಗೆ ಮೈಯೆಲ್ಲ ಬೆವರು. ನಿಂತ ನೀರಿನಿಂದ ಏಳುವ ದುರ್ಗಂಧವೇ ಇದಕ್ಕೆ ಕಾರಣ ಎಂದು ಜನ ನಂಬಿದ್ದರು. ಜಾಗವನ್ನೇನೋ ಅವರು ಸರಿಯಾಗಿಯೇ ಗುರುತಿಸಿದ್ದರು, ಅದು ನನಗೆ ಬಹಳ ಇಷ್ಟವಾಗುವ ಸಂಗತಿ. ಅದೇ ನೀರಿನಲ್ಲಿ ಅನಾಫಿಲಿಸ್ ಸೊಳ್ಳೆ ಮೊಟ್ಟೆಯಿಡುತ್ತದೆ, ಕತ್ತಲಾದ ಮೇಲೆ ಕಚ್ಚಿ ರೋಗ ಹರಡುತ್ತದೆ.

ರೋಗಾಣುವನ್ನು ಸೊಳ್ಳೆಯ ಹೊಟ್ಟೆಯೊಳಗೆ ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್ ಕಂಡದ್ದು 1897ರಲ್ಲಿ, ಸಿಕಂದರಾಬಾದ್‌ನಲ್ಲಿ. ಅಷ್ಟರಲ್ಲಿ ಹೆಸರು ರೂಢಿಯಾಗಿಬಿಟ್ಟಿತ್ತು, ಹಾಗೇ ಉಳಿಯಿತು.