ಎಲ್ಲರೂ ಯೋಧನ ಬಗ್ಗೆ ಹೇಳಿದರು, ನನ್ನ ಗಂಡನ ಬಗ್ಗೆ ಯಾರು ಹೇಳ್ತಾರೆ?

ಗಂಡನನ್ನು ಕಳೆದುಕೊಂಡು, ಸಲಹೆಗೆಂದು ನನ್ನ ಹತ್ತಿರ ಬಂದ ಒಬ್ಬ ಹೆಂಗಸಿನ ಕಥೆ ಇದು. ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಹೆಸರು ಬೇಡ, ಅಮ್ಮ ಅಂತಲೇ ಬರೆಯುತ್ತೇನೆ.

ಅಮ್ಮನಿಗೆ ಅರವತ್ತು ದಾಟಿದೆ. ಗಂಡ ಮೀಸೆ ಚಿಗುರುವ ವಯಸ್ಸಿಗೇ ಸೇನೆ ಸೇರಿ, ಅಲ್ಲೇ ತಲೆ ನರೆತು ನಿವೃತ್ತರಾದವರು. ಯುದ್ಧದಲ್ಲಿ ತೀರಿಕೊಂಡದ್ದಲ್ಲ. ನಿವೃತ್ತಿಯಾಗಿ ಎಷ್ಟೋ ವರ್ಷದ ಮೇಲೆ, ಮನೆಯಲ್ಲೇ, ಹೃದಯಾಘಾತವಾಗಿ ಹೋದರು. ಅಮ್ಮ ನನ್ನ ಹತ್ತಿರ ಬಂದದ್ದು ದುಃಖ ಹೇಳಿಕೊಳ್ಳೋಕಲ್ಲ. ವರ್ಷದ ನೆನಪಿಗೆ ಮಗ ಒಂದು ಪುಸ್ತಿಕೆ ತರಲು ಹೊರಟಿದ್ದ, ಅದಕ್ಕೆ ಅಮ್ಮ ಎರಡು ಪುಟ ಬರೆದುಕೊಡಬೇಕಿತ್ತು, ಆದರೆ ಪೆನ್ನು ಹಿಡಿದು ಕೂತರೆ ಒಂದು ಸಾಲೂ ಬರುತ್ತಿರಲಿಲ್ಲ.

"ಬರೆಯೋಕೆ ಕೂತ್ರೆ ಸಿಟ್ಟು ಬರುತ್ತೆ ಮೇಡಂ. ಸತ್ತವರ ಮೇಲೆ ಸಿಟ್ಟು ಮಾಡ್ಕೋಬಾರದು ಅಲ್ವಾ?"

ಮಗ ಎಲ್ಲೋ ಓದಿಕೊಂಡು, "ಅಮ್ಮಾ, ದುಃಖಕ್ಕೆ ಐದು ಹಂತ ಇರುತ್ತೆ, ನೀನೀಗ ಕೋಪದ ಹಂತದಲ್ಲಿದ್ದೀಯ, ದಾಟಿ ಹೋಗ್ತೀಯ" ಅಂದಿದ್ದನಂತೆ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾನೆ. ಆದರೆ ಆ ಐದು ಹಂತಗಳನ್ನು ಎಲಿಜಬೆತ್ ಕೂಬ್ಲರ್-ರಾಸ್ ಎಂಬ ಮನೋವೈದ್ಯೆ 1969ರಲ್ಲಿ ಬರೆದದ್ದು ಸಾವಿನ ಅಂಚಿನಲ್ಲಿದ್ದ ರೋಗಿಗಳ ಜೊತೆ ಮಾತಾಡಿ. ಉಳಿದವರ ದುಃಖ ಆ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತುತ್ತಾ ಹೋಗುವುದಿಲ್ಲ. ಅಷ್ಟಕ್ಕೂ ಅಮ್ಮನ ಸಿಟ್ಟು ಈ ಸಾವಿನಿಂದ ಹುಟ್ಟಿದ್ದೇ ಅಲ್ಲ.

ಕೆದಕಿದಾಗ ಬಂತು. ಎರಡೂ ಹೆರಿಗೆಗೆ ಅವರು ಇರಲಿಲ್ಲ. ಅಮ್ಮನ ತಂದೆ ತೀರಿಕೊಂಡಾಗ ರಜೆ ಸಿಗಲಿಲ್ಲ. ರಜೆಗೆ ಬಂದರೆ ಮಕ್ಕಳು ಮೊದಲೆರಡು ದಿನ ಅಮ್ಮನ ಬೆನ್ನ ಹಿಂದೆ ಅಡಗುತ್ತಿದ್ದವು, ಹೊಂದಿಕೊಳ್ಳುವ ಹೊತ್ತಿಗೆ ಟ್ರಂಕು ಮತ್ತೆ ಬಾಗಿಲ ಹತ್ತಿರ. ಬ್ಯಾಂಕು, ಶಾಲೆ, ಜ್ವರ, ಬಾಡಿಗೆ ಮನೆ ಬದಲಿಸುವುದು, ಎಲ್ಲ ಒಬ್ಬರೇ. ಅಂತ್ಯಕ್ರಿಯೆಗೆ ಬಂದ ಹಳೆಯ ಸಹೋದ್ಯೋಗಿಗಳು ಅವರ ಧೈರ್ಯದ ಬಗ್ಗೆ, ಶಿಸ್ತಿನ ಬಗ್ಗೆ ಸಾಲಾಗಿ ಮಾತಾಡಿದರು. ಅಮ್ಮ ಕೈಕಟ್ಟಿ ಕೇಳುತ್ತಾ ನಿಂತಿದ್ದರು. "ಅವ್ರು ಹೇಳ್ತಿದ್ದ ಮನುಷ್ಯನ ಪರಿಚಯವೇ ನನಗಿರಲಿಲ್ಲ."

ಸೇನೆಯವರ ಮನೆಗಳಲ್ಲಿ ಇನ್ನೊಂದು ತೊಡಕೂ ಇರುತ್ತದೆ. ಗಂಡ ಮನೆಯಲ್ಲಿ ಇಲ್ಲದಿರುವುದು ಅಲ್ಲಿ ಮಾಮೂಲು. ಹಾಗಾಗಿ ತೀರಿಕೊಂಡ ಮೇಲೂ ಮನಸ್ಸು ಹಳೆಯ ಲೆಕ್ಕದಲ್ಲೇ ಇರುತ್ತದೆ, ಇದೂ ಒಂದು ಪೋಸ್ಟಿಂಗ್ ಅನ್ನುವ ಹಾಗೆ. ಅಮ್ಮ ಮೊದಲ ಕೆಲವು ತಿಂಗಳು ಎಲ್ಲವನ್ನೂ ಸಲೀಸಾಗಿ ನಿಭಾಯಿಸಿದರು, "ಎಷ್ಟು ಗಟ್ಟಿ ಹೆಂಗಸು" ಅಂತ ನೆಂಟರು ಹೊಗಳಿದರು. ಆಮೇಲೆ ಒಂದು ದಿನ ಶೂ ಪಾಲಿಶ್ ಡಬ್ಬಿ ಕೈಗೆ ಸಿಕ್ಕಿತು. ಮುಚ್ಚಳ ತೆಗೆದರೆ ಪಾಲಿಶ್ ಒಣಗಿ ಬಿರುಕು ಬಿಟ್ಟಿತ್ತು. ಈ ಸಲ ರಜೆ ಇಲ್ಲ ಅನ್ನುವುದು ಆಗ ತಲೆಗೆ ಹೋಯಿತಂತೆ. ಅಲ್ಲಿಂದ ನಿದ್ದೆ ಕೆಟ್ಟಿತು. ಸುತ್ತಲಿನವರಿಗೆ ಅರ್ಥವಾಗಲಿಲ್ಲ. ಇಷ್ಟು ದಿನ ಚೆನ್ನಾಗೇ ಇದ್ದರಲ್ಲ, ಈಗೇನಾಯ್ತು?

ನಾನು ಕೊಟ್ಟ ಮೊದಲ ಸಲಹೆ: ಪುಸ್ತಿಕೆಗೆ ಸದ್ಯ ಬರೆಯಬೇಡಿ. ಬೇರೆ ನೋಟ್‌ಬುಕ್ ತಗೊಂಡು ಅವರಿಗೇ ಪತ್ರ ಬರೆಯಿರಿ, ಬೈಗುಳ ಇದ್ದರೂ ಪರವಾಗಿಲ್ಲ, ಅದು ಯಾರಿಗೂ ತೋರಿಸೋಕಲ್ಲ. ಒಳ್ಳೆಯ ಗಂಡ ಅನ್ನುವುದೂ ನಿಜ, ಬೇಕಾದಾಗ ಇರಲಿಲ್ಲ ಅನ್ನುವುದೂ ನಿಜ. ಒಂದನ್ನು ಉಳಿಸಿಕೊಳ್ಳೋಕೆ ಇನ್ನೊಂದನ್ನು ಮುಚ್ಚಿಡಲು ಹೋದರೆ ಕೈ ಕಟ್ಟಿದಂತಾಗಿ ಏನೂ ಬರೆಯಲಾಗದು. ಅಮ್ಮನಿಗೆ ಆಗಿದ್ದು ಅದೇ.

ಪತ್ರ ಅಂದ ಕೂಡಲೇ ಅಮ್ಮ ಮುಂದಿನ ಸಲ ಒಂದು ಕಟ್ಟು ತಂದರು. ಗಂಡ ಬರೆದವು. ಪ್ರತಿ ಪತ್ರದ ಮೂಲೆಯಲ್ಲಿ ಒಂದು ನಂಬರು. ದೂರದ ಠಾಣೆಗಳಿಂದ ಹೊರಟ ಅಂಚೆ ಹಿಂದುಮುಂದಾಗಿ ತಲುಪುತ್ತಿತ್ತು, ಆದ್ದರಿಂದ ಯಾವುದು ಮೊದಲು ಓದಬೇಕು, ಯಾವುದು ದಾರಿಯಲ್ಲಿ ಕಳೆದುಹೋಯಿತು ಅಂತ ಗೊತ್ತಾಗಲಿ ಎಂದು ಹಾಕುತ್ತಿದ್ದದ್ದು. ಒಳಗೆ ಪ್ರೀತಿ ಗೀತಿ ಏನಿಲ್ಲ. ನಲ್ಲಿ ಸೋರುವುದು ನಿಂತಿತಾ, ದೊಡ್ಡವನ ಹಲ್ಲುನೋವು ಹೇಗಿದೆ, ಹಿಂದಿನ ಪತ್ರದಲ್ಲಿ ಬೆನ್ನುನೋವು ಅಂದಿದ್ದೆ, ಡಾಕ್ಟರಿಗೆ ತೋರಿಸಿದೆಯಾ, ಇಲ್ಲವಾದರೆ ನಾಳೆಯೇ ಹೋಗು. ಅಮ್ಮ ಇವನ್ನೆಲ್ಲ ಆಗ "ಆರ್ಡರ್" ಅಂತ ಓದಿ ಬದಿಗಿಟ್ಟಿದ್ದರಂತೆ. ಈಗ ಒಂದೊಂದೇ ಓದಿ ಹೇಳುವಾಗ ನಡುವೆ ನಕ್ಕರು ಕೂಡ. ನಿವೃತ್ತಿಯ ಮೇಲೆ ಅಡುಗೆಮನೆಯನ್ನೂ ಅವರು ಹೀಗೇ ವಶಪಡಿಸಿಕೊಂಡು, ಡಬ್ಬಿಗಳನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದ್ದರು. ಆರು ತಿಂಗಳು ಜಗಳ. ಆದರೆ ಅಮ್ಮನಿಗೆ ಮಂಡಿ ಆಪರೇಶನ್ ಆದಾಗ ಔಷಧಿ, ಸ್ನಾನ, ವ್ಯಾಯಾಮ ಎಲ್ಲಕ್ಕೂ ಚಾರ್ಟ್ ಬರೆದು ಗೋಡೆಗೆ ಅಂಟಿಸಿ, ಒಂದು ಹೊತ್ತೂ ತಪ್ಪಿಸದೆ ನೋಡಿಕೊಂಡವರೂ ಅವರೇ.

ಎರಡನೆಯ ಸಲಹೆ ಸಹೋದ್ಯೋಗಿಗಳ ಬಗ್ಗೆ. "ಅವರು ಹೇಗಿದ್ದರು" ಅಂತ ಕೇಳಿದರೆ ಭಾಷಣವೇ ಬರುತ್ತದೆ. ಚಿಕ್ಕ ಪ್ರಶ್ನೆ ಕೇಳಿ ಅಂದೆ: ಮನೆಯಿಂದ ಪತ್ರ ಬಂದ ದಿನ ಏನು ಮಾಡುತ್ತಿದ್ದರು? ಅಮ್ಮ ಇಬ್ಬರಿಗೆ ಫೋನ್ ಮಾಡಿದರು. ಒಬ್ಬರು ಹೇಳಿದ್ದು, ಪತ್ರವನ್ನು ಕೂಡಲೇ ಒಡೆಯುತ್ತಿರಲಿಲ್ಲವಂತೆ, ಡ್ಯೂಟಿ ಮುಗಿಯುವವರೆಗೆ ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದರಂತೆ.

ಮೂರನೆಯದು, ದಿನವಿಡೀ ಈ ಕೆಲಸ ಬೇಡ. ಸಂಜೆ ಒಂದು ಗಂಟೆ ಪತ್ರಗಳು, ಆಮೇಲೆ ಎದ್ದು ವಾಕಿಂಗ್, ಗೆಳತಿಯರು, ಪೆನ್ಶನ್ ಕಾಗದ, ಟಿವಿ ಏನಾದರೂ ಸರಿ. ಸ್ಟ್ರೋಬೆ ಮತ್ತು ಶುಟ್ ಎಂಬ ಸಂಶೋಧಕರು 1999ರಲ್ಲಿ ಹೇಳಿದ್ದೂ ಇದನ್ನೇ: ದುಃಖದಲ್ಲಿರುವವರು ಅಗಲಿಕೆಯ ಕಡೆಗೊಮ್ಮೆ, ಮುಂದಿನ ಬದುಕಿನ ಕಡೆಗೊಮ್ಮೆ ಹೋಗಿ ಬಂದು ಮಾಡುತ್ತಿರುತ್ತಾರೆ, ಆ ಓಡಾಟವೇ ಆರೋಗ್ಯ. ನಗು ಬಂದರೆ ನಗಿ, ಅದು ದ್ರೋಹ ಅಲ್ಲ. ಯೂನಿಫಾರ್ಮನ್ನು ಯಾರಾದರೂ ಒತ್ತಾಯಿಸಿದರು ಅಂತ ಸುಮ್ನೆ ಕೊಟ್ಟುಬಿಡಬೇಡಿ, ಇಟ್ಟುಕೊಳ್ಳಲೇಬೇಕು ಅಂತಲೂ ಇಲ್ಲ.

ನಿದ್ದೆಗೆ ಡಾಕ್ಟರ ಹತ್ತಿರ ಕಳಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ದೀರ್ಘಕಾಲದ ದುಃಖ ಈಗ ಒಂದು ಪ್ರತ್ಯೇಕ ತೊಂದರೆ. ಸಾವಾಗಿ ಕನಿಷ್ಠ 6 ತಿಂಗಳಾಗಿದ್ದು, ಹಂಬಲ ಒಂದಿಷ್ಟೂ ತಗ್ಗದೆ ದಿನದ ಕೆಲಸವೇ ನಿಂತುಹೋಗಿದ್ದರೆ ಆ ದಿಕ್ಕಿನಲ್ಲಿ ನೋಡಬೇಕು. ಅಮ್ಮನಿಗೆ ಹಾಗಿರಲಿಲ್ಲ. ಬದುಕೇ ಸಾಕು ಅನ್ನಿಸುತ್ತದಾ ಅಂತ ನೇರವಾಗಿ ಕೇಳಿದೆ, ಇಲ್ಲ ಅಂದರು. ಈ ಪ್ರಶ್ನೆ ಕೇಳಲು ಮನೆಯವರೂ ಹಿಂಜರಿಯಬಾರದು. ಹೌದು ಅಂದರೆ ಅವತ್ತೇ ಸಹಾಯ ಹುಡುಕಬೇಕು.

ಪುಸ್ತಿಕೆ ಬಂತು. ಮಗನ ಪಾಲಿನ ಪುಟಗಳಲ್ಲಿ ಪದಕಗಳಿವೆ. ಅಮ್ಮನ ಪಾಲಿನಲ್ಲಿ ನಲ್ಲಿ, ಡಬ್ಬಿ, ಚಾರ್ಟ್. ಜೊತೆಗೆ, "ಎರಡು ಹೆರಿಗೆಗೂ ಬರಲಿಲ್ಲ, ಇದನ್ನು ಇನ್ನೂ ಕ್ಷಮಿಸಿಲ್ಲ" ಅನ್ನುವ ಸಾಲೂ ಇದೆ. ಅದನ್ನು ತೆಗೆಯೋಣ ಅಂತ ಮಗ ಎಷ್ಟು ಹೇಳಿದರೂ ಅಮ್ಮ ಒಪ್ಪಲಿಲ್ಲ.