“ಸಹಿ ನಾನ ಮಾಡೇನ್ರಿ”: ಒಬ್ಬ ಅಪ್ಪನ ನಿದ್ದೆಗೆಟ್ಟ ರಾತ್ರಿಗಳು

(ಗುರುತು ಸಿಗಬಾರದೆಂದು ವಿವರಗಳನ್ನು ಬದಲಿಸಿದ್ದೇನೆ.)

ಬೆಳಗಾವಿ ಜಿಲ್ಲೆಯ ರೈತ, ವಯಸ್ಸು 46. ನಿದ್ದೆ ಬರುತ್ತಿಲ್ಲ, ಎದೆ ಭಾರ ಎಂದು ನನ್ನ ಹತ್ತಿರ ಬಂದಿದ್ದರು. ಇಸಿಜಿ ನಾರ್ಮಲ್ ಇತ್ತು. ಒಬ್ಬನೇ ಮಗ ಅಗ್ನಿವೀರನಾಗಿ (ನಾಲ್ಕು ವರ್ಷದ ಸೇನಾ ಸೇವೆ) ನಾಸಿಕ್‌ನ ಆರ್ಟಿಲರಿ ಸೆಂಟರ್‌ಗೆ ತರಬೇತಿಗೆ ಹೋಗಿ ಎರಡು ತಿಂಗಳಾಗಿತ್ತು.

ಕಳಿಸುವ ದಿನ ಊರಲ್ಲಿ ಹಲಗಿ ಬಾರಿಸಿದ್ದರು. ಮಗನ ತಲೆಗೆ ಪಟಕಾ ಸುತ್ತಿದವರು ಇವರೇ. ಈಗ ಮೊಬೈಲ್ ಅಂಗಿ ಜೇಬು ಬಿಟ್ಟು ಇಳಿಯುವುದಿಲ್ಲ. ನನ್ನ ಜೊತೆ ಮಾತಾಡುವಾಗಲೂ ಆಗಾಗ ತೆಗೆದು ಟವರ್ ಇದೆಯಾ ಎಂದು ನೋಡುತ್ತಿದ್ದರು.

ಎಷ್ಟೋ ಹೊತ್ತಿನ ಮೇಲೆ ಒಳಗಿದ್ದದ್ದು ಹೊರಬಂತು. ಹದಿನೇಳೂವರೆ ವರ್ಷಕ್ಕೇ ಅಗ್ನಿವೀರರಾಗಬಹುದು, ಆದರೆ 18 ತುಂಬದವರ ಸೇರ್ಪಡೆ ಫಾರಂಗೆ ಹೆತ್ತವರ ಸಹಿ ಬೇಕು. “ಸಹಿ ನಾನ ಮಾಡೇನ್ರಿ ಮೇಡಂ. ನಾಳೆ ಏನರ ಹೆಚ್ಚು ಕಡಿಮಿ ಆದ್ರ ಆಕಿ ನನ್ನ ಮಾರಿ ನೋಡ್ತಾಳೇನ್ರಿ?”

ಹೆಂಡತಿ ಹಾಗಂದರಾ ಎಂದು ಕೇಳಿದೆ.

“ಅನ್ನೂದ್ಯಾಕ್ರಿ, ದಿನಾ ಅಳ್ತಾಳಲ್ಲ.”

ಊರವರೆಲ್ಲ ‘ಪುಣ್ಯವಂತ’ ಎನ್ನುತ್ತಿದ್ದರೆ ಈ ಮನುಷ್ಯ ಯಾರ ಮುಂದೆ ಅಳಬೇಕು? ಮನೆಯಲ್ಲೂ ಆಗದು, ಹೆಂಡತಿಯ ಕಣ್ಣೀರೆಲ್ಲ ತನ್ನ ಮೇಲಿನ ದೂರು ಎಂದುಕೊಂಡಿದ್ದಾರೆ. ಇಂಥವರಿಗೆ ‘ಧೈರ್ಯ ತಗೊಳ್ಳಿ’ ಅಂದರೆ ಏನೂ ಆಗೋದಿಲ್ಲ. ಧೈರ್ಯ ತೋರಿಸಿ ತೋರಿಸಿಯೇ ಸುಸ್ತಾಗಿರುತ್ತಾರೆ.

ಮುಂದಿನ ವಾರ ಇಬ್ಬರನ್ನೂ ಕರೆಸಿದೆ. ಆಕೆ ಸಹಿಯ ಮಾತೇ ಎತ್ತಲಿಲ್ಲ. “ಅಂವಾ ಹೋದಾಗಿಂದ ಇವ್ರು ನನ್ನ ಕೂಡ ಮಾತ ಬಿಟ್ಟಾರ್ರಿ. ಮನಿಯಾಗ ಇಬ್ಬರೂ ಇಲ್ಲದಂಗ ಆಗೇತಿ.” ಅಪ್ಪ ಟವೆಲ್‌ನಿಂದ ಮುಖ ಒರೆಸಿಕೊಂಡರು. ನಾನು ಸುಮ್ನೆ ಕೂತೆ.

ಆಮೇಲೆ ಕೇಳಿದೆ: ಮಗನನ್ನು ನೀವು ಒತ್ತಾಯ ಮಾಡಿದಿರಾ? “ಇಲ್ರಿ, ನಸುಕಿನ್ಯಾಗ ಎದ್ದು ಕೆನಾಲ್ ದಂಡಿಗೆ ಅಂವನ ಓಡ್ತಿದ್ದ.” ಹಾಗಾದರೆ ಹೋಗುವ ತೀರ್ಮಾನ ಅವನದು, ನೀವು ಒಪ್ಪಿಗೆ ಕೊಟ್ಟಿರಿ ಅಷ್ಟೇ, ಅಲ್ವಾ? ಹೆಮ್ಮೆ ಇದ್ದರೂ ಭಯ ಆಗುತ್ತದೆ, ಅದನ್ನು ಹೆಂಡತಿಯ ಮುಂದೆ ಬಾಯಿಬಿಟ್ಟು ಹೇಳಿ ಎಂದೆ.

ತರಬೇತಿಯಲ್ಲಿ ಮೊಬೈಲ್ ಬೇಕಾದಾಗಲೆಲ್ಲ ಕೈಗೆ ಸಿಗುವುದಿಲ್ಲ. ಫೋನ್ ಬರಲಿಲ್ಲ ಎಂದರೆ ಕೆಟ್ಟ ಸುದ್ದಿ ಎಂದಲ್ಲ. ಬಂದಾಗ ‘ತ್ರಾಸ ಐತೇನು’ ಎಂದು ಕೆದಕುವುದಕ್ಕಿಂತ ಎಮ್ಮೆ ಈದದ್ದು, ಕಬ್ಬಿಗೆ ನೀರು ಬಿಟ್ಟಿದ್ದು ಹೇಳಿ. ಹುಡುಗರಿಗೆ ಮನೆಯ ಸುದ್ದಿಯೇ ಬೇಕಿರುತ್ತದೆ. ರಾತ್ರಿ ಗಡಿಯ ಸುದ್ದಿ ಕಿರುಚುವ ಚಾನೆಲ್ ಹಾಕಬೇಡಿ. ನಡುರಾತ್ರಿ ಎದೆ ಬಡಿದುಕೊಂಡರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

“ನಾಕ ವರ್ಷ ಆದಮ್ಯಾಲ ಏನ್ರಿ?” ಎಂದೂ ಕೇಳಿದರು. ಸೇನೆಯಲ್ಲಿ ಮುಂದುವರಿಯುವುದು ಹೆಚ್ಚೆಂದರೆ ನೂರಕ್ಕೆ 25 ಜನ. ಈ ಚಿಂತೆ ನಿಜವಾದದ್ದು, ಸಮಾಧಾನದ ಮಾತಿನಿಂದ ಹೋಗುವಂಥದ್ದಲ್ಲ. ಮಗ ರಜೆಗೆ ಬಂದಾಗ ಮೂವರೂ ಕೂತು ಲೆಕ್ಕ ಹಾಕಿ ಎಂದೆ.

ತರಬೇತಿ ಮುಗಿದ ಮೇಲೆ ಪ್ರಮಾಣ ಸ್ವೀಕರಿಸುವ ಕಸಂ ಪರೇಡ್‌ಗೆ ಇಬ್ಬರೂ ಹೋಗುವುದೆಂದು ಅಲ್ಲೇ ಮಾತಾಯಿತು. ಕರದಂಟು ಒಯ್ಯುವುದೋ ಶೇಂಗಾ ಉಂಡಿಯೋ ಎಂದು ಸಣ್ಣ ವಾದವೂ ಆಯಿತು. ನಿದ್ದೆ ಇನ್ನೂ ಪೂರ್ತಿ ಸರಿಹೋಗಿಲ್ಲ. ತಿಂಗಳ ಮೇಲೆ ಮತ್ತೆ ಬರಲು ಹೇಳಿದ್ದೇನೆ, ಇಬ್ಬರಿಗೂ.